ತುಕ್ಕು ಹಿಡಿದ ಪದ್ಮಿನಿಗೆ ಹೊಸ ತಗಡು

2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಸುತ್ತಮುತ್ತ ನೆಲಮಾಳಿಗೆಗಳಲ್ಲಿ ನಿಂತ ಕಾರುಗಳು ಮುಳುಗಿದ್ದನ್ನು ಯಾರೂ ಮರೆತಿಲ್ಲ. ನೀರು ಇಳಿದರೂ ಹಳೆಯ ಕಾರಿನ ಟೊಳ್ಳುಗಳಲ್ಲಿ ಕೆಸರು ಉಳಿಯುತ್ತದೆ. ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಬಣ್ಣದ ಮೇಲೆ ಗುಳ್ಳೆ ಕಾಣುವ ಹೊತ್ತಿಗೆ ತಗಡು ತೂತಾಗಿರುತ್ತದೆ.

ನಿಮ್ಮ ಮನೆಯಲ್ಲಿ ಅಂಥದ್ದೊಂದು ಪ್ರೀಮಿಯರ್ ಪದ್ಮಿನಿ ಇದ್ದರೆ ಗುಜರಿಗೆ ಹಾಕಲು ಆತುರಪಡಬೇಡಿ. ಈ ಕಾರಿನ ಕಥೆಗೆ ಬೆಂಗಳೂರಿನ ನಂಟೂ ಇದೆ. 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ, ಅಂದರೆ ಇಂದಿನ ಎಚ್‌ಎಎಲ್, ಆರಂಭಿಸಿದ ವಾಲ್‌ಚಂದ್ ಹೀರಾಚಂದ್ ಅವರೇ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಫಿಯೆಟ್ 1100 ಡಿಲೈಟ್ ಎಂದು 1964ರಲ್ಲಿ ಬಂದ ಕಾರಿಗೆ 1974ರಲ್ಲಿ ಪದ್ಮಿನಿ ಎಂಬ ಹೆಸರಾಯಿತು. ಇದಕ್ಕೆ ಪ್ರತ್ಯೇಕ ಚಾಸಿ ಇಲ್ಲ. ಭಾರ ಹೊರುವುದು ಬಾಡಿಯೇ. ಆದ್ದರಿಂದ ತಗಡು ಕೊಳೆತರೆ ಒಳಗೆ ಕೂತವರ ಜೀವಕ್ಕೇ ಅಪಾಯ.

ಮೊದಲು ಕಾನೂನು ತಿಳಿಯಿರಿ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. 2021ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರಿಗೆ ‘ವಿಎ’ ಅಕ್ಷರಗಳುಳ್ಳ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಚಾಸಿ, ಬಾಡಿ, ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಛಾವಣಿ ತಗ್ಗಿಸುವ, ಮಡ್‌ಗಾರ್ಡ್ ಅಗಲಿಸುವ ಆಸೆ ಬಿಡಿ. ಇದ್ದ ಆಕಾರಕ್ಕೇ ತರುವುದು ನಮ್ಮ ಗುರಿ. ಕೆಲಸದ ಪ್ರತಿ ಹಂತದ ಫೋಟೊ ತೆಗೆದಿಡಿ.

1. ತುಕ್ಕು ಎಲ್ಲಿದೆ ಎಂದು ಹುಡುಕಿ

ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಡಿಯ ಮೇಲೆ ಜರುಗಿಸಿ. ಅದು ಅಂಟದೆ ಜಾರುವ ಕಡೆ ದಪ್ಪ ಪುಟ್ಟಿ ಇದೆ ಎಂದರ್ಥ. ಬಾಗಿಲುಗಳ ತಳ, ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ಸಿಲ್, ಕಾಲಿಡುವ ನೆಲ, ಜಾಕ್ ಕೊಡುವ ಜಾಗ, ಚಕ್ರದ ಕಮಾನು, ಡಿಕ್ಕಿಯ ತಳ, ಮುಂಗಾಜಿನ ಮೂಲೆ ಇವೆಲ್ಲವನ್ನೂ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಒತ್ತಿದಾಗ ತಗ್ಗಿದರೆ ಅಲ್ಲಿಯ ತಗಡು ಮುಗಿದಿದೆ.

2. ಬೆಂಕಿಗೆ ಅವಕಾಶ ಕೊಡಬೇಡಿ

ಬ್ಯಾಟರಿ, ಪೆಟ್ರೋಲ್ ಟ್ಯಾಂಕ್, ಸೀಟು, ಕಾರ್ಪೆಟ್ ಕಳಚಿ ದೂರ ಇಡಿ. ಖಾಲಿ ಟ್ಯಾಂಕ್‌ನಲ್ಲಿರುವ ಪೆಟ್ರೋಲ್ ಆವಿಯೂ ಸಿಡಿಯುತ್ತದೆ, ಅದಕ್ಕೆ ಎಂದಿಗೂ ವೆಲ್ಡಿಂಗ್ ಹಚ್ಚಬೇಡಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಉಜ್ಜುವಾಗ ಒಳ್ಳೆಯ ಮಾಸ್ಕ್ ಬೇಕು. ವೆಲ್ಡಿಂಗ್ ಹೆಲ್ಮೆಟ್, ಚರ್ಮದ ಗ್ಲೌಸ್, ಹತ್ತಿ ಬಟ್ಟೆ ಧರಿಸಿ. ಅಗ್ನಿಶಾಮಕ ಸಿಲಿಂಡರ್ ಕೈಗೆಟಕುವಲ್ಲಿರಲಿ. ಅಪಾರ್ಟ್‌ಮೆಂಟ್‌ನ ನೆಲಮಾಳಿಗೆಯಲ್ಲಿ ಈ ಕೆಲಸ ಬೇಡವೇ ಬೇಡ. ತೆರೆದ ಶೆಡ್‌ಗೆ ಒಯ್ಯಿರಿ. ಕೆಲಸ ಮುಗಿದ ಮೇಲೂ ಒಂದು ಗಂಟೆ ಕಾರಿನ ಬಳಿಯೇ ಇರಿ.

3. ಕತ್ತರಿಸುವ ಮುನ್ನ ಆಧಾರ ಕೊಡಿ

ಸಿಲ್ ಕತ್ತರಿಸಿದರೆ ಬಾಡಿ ಕುಸಿಯುತ್ತದೆ. ಬಾಗಿಲಿನ ಎರಡೂ ಕಂಬಗಳ ನಡುವೆ ಕಬ್ಬಿಣದ ಪೈಪು ಅಡ್ಡಗಟ್ಟಿ ತಾತ್ಕಾಲಿಕವಾಗಿ ಬೆಸೆಯಿರಿ. ಚಕ್ರಗಳ ಬಳಿ ಗಟ್ಟಿಯಾದ ಕಡೆ ಸ್ಟ್ಯಾಂಡ್ ಕೊಡಿ. ಬಾಗಿಲಿನ ಸುತ್ತಲಿನ ಸಂದಿಯ ಅಳತೆ ಬರೆದಿಟ್ಟುಕೊಳ್ಳಿ. ಒಂದು ಬದಿಯ ಸಿಲ್ ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಿ.

4. ತೇಪೆ ಸಿದ್ಧಪಡಿಸಿ

ತುಕ್ಕಿನ ಭಾಗವನ್ನಷ್ಟೇ ಕತ್ತರಿಸಿದರೆ ಸಾಲದು. ಗಟ್ಟಿ, ಹೊಳೆಯುವ ಲೋಹ ಸಿಗುವ ತನಕ ತೆಗೆಯಿರಿ. ಮೂಲೆಗಳನ್ನು ದುಂಡಗೆ ಬಿಡಿ. ಚೂಪು ಮೂಲೆಯಲ್ಲಿ ಬಿರುಕು ಬೇಗ ಹುಟ್ಟುತ್ತದೆ. ರಟ್ಟಿನಲ್ಲಿ ಅಚ್ಚು ಕತ್ತರಿಸಿ ಕೂರಿಸಿ ನೋಡಿ, ನಂತರ ಅದೇ ಅಳತೆಗೆ 20 ಗೇಜ್, ಅಂದರೆ ಸುಮಾರು 0.9 ಮಿ.ಮೀ. ದಪ್ಪದ ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್ ಕತ್ತರಿಸಿ. ಉಬ್ಬು ಬೇಕಾದರೆ ಮರಳಿನ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಹಗುರಾಗಿ ಬಡಿಯಿರಿ. ತೇಪೆಯನ್ನು ಹಳೆಯ ತಗಡಿನ ಮೇಲೆ ಹೇರಬೇಡಿ, ಆ ಸಂದಿಯಲ್ಲಿ ನೀರು ನಿಂತು ಮತ್ತೆ ತುಕ್ಕಾಗುತ್ತದೆ. ಅಂಚಿಗೆ ಅಂಚು ಕೂಡಿಸಿ, ನಡುವೆ ವೆಲ್ಡಿಂಗ್ ತಂತಿಯ ದಪ್ಪದಷ್ಟು ಬಿಡುವು ಬಿಡಿ.

5. ಚುಕ್ಕೆ ಚುಕ್ಕೆಯಾಗಿ ಬೆಸೆಯಿರಿ

ಕಡ್ಡಿ ಹಿಡಿದು ಮಾಡುವ ಮಾಮೂಲಿ ಆರ್ಕ್ ವೆಲ್ಡಿಂಗ್‌ಗೆ ಇಂಥ ತೆಳು ತಗಡು ಸುಲಭವಾಗಿ ತೂತಾಗುತ್ತದೆ. ಮಿಗ್ ಯಂತ್ರ ಒಳ್ಳೆಯದು. 0.6 ಅಥವಾ 0.8 ಮಿ.ಮೀ. ತಂತಿ, ಜೊತೆಗೆ ಆರ್ಗಾನ್ ಮತ್ತು ಶೇ 20–25ರಷ್ಟು ಕಾರ್ಬನ್ ಡೈ ಆಕ್ಸೈಡ್ ಮಿಶ್ರಣ ಬಳಸಿ. ಮೊದಲು ಅದೇ ದಪ್ಪದ ತುಂಡಿನ ಮೇಲೆ ಕರೆಂಟ್ ಹೊಂದಿಸಿಕೊಳ್ಳಿ. ಸುಮಾರು ಒಂದಂಗುಲಕ್ಕೊಂದು ಟ್ಯಾಕ್, ಅಂದರೆ ಚುಕ್ಕೆ ಬೆಸುಗೆ, ಹಾಕಿ. ಒಂದು ಟ್ಯಾಕ್ ಈ ತುದಿಗೆ ಬಿದ್ದರೆ ಮುಂದಿನದು ಆ ತುದಿಗೆ ಬೀಳಲಿ. ಕೈಯಿಟ್ಟರೆ ತಾಳುವಷ್ಟು ಆರಿದ ಮೇಲೆಯೇ ನಡುವಿನ ಜಾಗ ತುಂಬಿಸಿ. ಒಂದೇ ಸಮನೆ ಗೆರೆ ಎಳೆದರೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ.

6. ಬಡಿದು ಆಕಾರಕ್ಕೆ ತನ್ನಿ

ಆರುವಾಗ ಬೆಸುಗೆ ಕುಗ್ಗಿ ಸುತ್ತಲ ತಗಡನ್ನು ಎಳೆಯುತ್ತದೆ. ಉಬ್ಬಿದ ಬೆಸುಗೆಯನ್ನು ಫ್ಲ್ಯಾಪ್ ಡಿಸ್ಕ್‌ನಿಂದ ತೆಳು ಮಾಡಿ, ಹಿಂದೆ ಡಾಲಿ (ಕೈಯಲ್ಲಿ ಹಿಡಿಯುವ ಉಕ್ಕಿನ ಗಟ್ಟಿ) ಕೊಟ್ಟು ಬೆಸುಗೆಯ ಗೆರೆಯ ಮೇಲೆಯೇ ಸುತ್ತಿಗೆಯಿಂದ ಬಡಿಯಿರಿ. ಆಗ ಕುಗ್ಗಿದ ಲೋಹ ಮತ್ತೆ ಹಿಗ್ಗಿ ಎಳೆತ ಸಡಿಲವಾಗುತ್ತದೆ. ತಗ್ಗು-ಉಬ್ಬು ಸರಿಪಡಿಸಲು ರೀತಿ ಬೇರೆ: ತಗ್ಗಿನ ಹಿಂಬದಿಗೆ ಡಾಲಿ ಒತ್ತಿಹಿಡಿದು, ಪಕ್ಕದ ಉಬ್ಬಿನ ಮೇಲೆ ಬಡಿಯಬೇಕು. ಬೆರಳಿಂದ ಒತ್ತಿದಾಗ ತಗಡು ಟಕ್ಕೆಂದು ಒಳಗೆ ಹೋಗಿ ಹೊರಬಂದರೆ ಅದು ಅತಿಯಾಗಿ ಹಿಗ್ಗಿದೆ. ಅಂಗಿಯ ಗುಂಡಿಯಷ್ಟಗಲ ಜಾಗವನ್ನು ಮಂದ ಕೆಂಪಾಗುವಂತೆ ಕಾಯಿಸಿ, ಹಗುರಾಗಿ ಬಡಿದು, ಒದ್ದೆ ಬಟ್ಟೆಯಿಂದ ಆರಿಸಿದರೆ ಕುಗ್ಗುತ್ತದೆ. ಇದು ಅನುಭವಿ ಕೈಗಳ ಕೆಲಸ. ಕಲಿಯುವವರು ಗುಜರಿ ಬಾಗಿಲೊಂದರ ಮೇಲೆ ಅಭ್ಯಾಸ ಮಾಡಲಿ.

7. ಅದೇ ದಿನ ಪ್ರೈಮರ್ ಹಚ್ಚಿ

ಬೆಂಗಳೂರಿನ ಮಳೆಗಾಲದ ತೇವಕ್ಕೆ ಬರಿ ಲೋಹ ರಾತ್ರಿ ಬೆಳಗಾಗುವುದರಲ್ಲಿ ಕಂದುತ್ತದೆ. ಎಣ್ಣೆ ಜಿಡ್ಡು ಒರೆಸಿ ಎಪಾಕ್ಸಿ ಪ್ರೈಮರ್ ಹಚ್ಚಿ. ಪುಟ್ಟಿ ಎರಡು-ಮೂರು ಮಿ.ಮೀ. ಮೀರದಿರಲಿ. ಕೂಡುಗೆರೆಗಳಿಗೆ ಸೀಲರ್ ತುಂಬಿ. ಬಣ್ಣ ಮುಗಿದ ಮೇಲೆ ಸಿಲ್ ಮತ್ತು ಬಾಗಿಲಿನ ಟೊಳ್ಳಿಗೆ ತುಕ್ಕುನಿರೋಧಕ ಮೇಣ ಸಿಂಪಡಿಸಿ. ನೀರು ಹೊರಹೋಗುವ ತೂತುಗಳು ಮುಚ್ಚದಂತೆ ನೋಡಿಕೊಳ್ಳಿ.

ಟಿಂಕರಿಂಗ್ ಕೆಲಸವನ್ನು ಬೇರೆಯವರಿಗೆ ಒಪ್ಪಿಸುವವರು ದರ ಕೇಳುವ ಮುಂಚೆ ಒಂದು ಮಾತು ಖಚಿತಪಡಿಸಿಕೊಳ್ಳಿ: ಪುಟ್ಟಿ ಹಾಕುವ ಮೊದಲು ಬರಿ ತಗಡನ್ನು ನಿಮಗೆ ತೋರಿಸಬೇಕು. ಇದಕ್ಕೆ ಒಪ್ಪುವ ಟಿಂಕರ್ ಕೈಗೇ ಕಾರನ್ನು ಕೊಡಿ.