ಮರಳುದಿಬ್ಬ ನೋಡಹೊರಟವರಿಗೆ

ಮರಳುಗಾಡು ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಸಹಾರಾದಲ್ಲಿ ಮರಳಿರುವುದು ಹೆಚ್ಚೆಂದರೆ ಕಾಲು ಭಾಗದಲ್ಲಿ. ಉಳಿದದ್ದು ಬಂಡೆ, ಜಲ್ಲಿಕಲ್ಲು, ಒಣಗಿದ ಹಳ್ಳ. ಮೊರಾಕ್ಕೊದ ಮರ್ರಾಕೇಶ್‌ನಿಂದ ಹೊರಡುವವರು ಎಡವುವುದು ಇಲ್ಲೇ. ಎರಡು ದಿನದ ಪ್ರವಾಸವೆಂದು ಜಗೋರಾ ಕಡೆ ಹೋದರೆ ಸಿಗುವುದು ಕಲ್ಲುನೆಲದ ನಡುವಿನ ಸಣ್ಣಪುಟ್ಟ ದಿಬ್ಬಗಳು. ಸುಮಾರು 150 ಮೀಟರ್‌ವರೆಗೂ ಏಳುವ ದಿಬ್ಬ ಬೇಕಿದ್ದರೆ ಮೆರ್ಜೂಗಾದ ಪಕ್ಕದ ಎರ್ಗ್ ಶೆಬ್ಬಿಗೇ ಹೋಗಬೇಕು. ಅದು 500 ಕಿ.ಮೀ.ಗೂ ಹೆಚ್ಚು ದೂರ, ಅಟ್ಲಾಸ್ ಬೆಟ್ಟಸಾಲು ದಾಟುವ ಇಡೀ ದಿನದ ದಾರಿ. ‘ಅಷ್ಟು ಬಿಡುವಿಲ್ಲ, ಜಗೋರಾದಿಂದಲೇ ಇನ್ನೊಂದಿಷ್ಟು ಮುಂದೆ ಹೋದರೆ ಸಿಕ್ಕೀತು’ ಎನ್ನಬಹುದು. ಆದರೆ ಮುಂದೆ ಹೋದಷ್ಟೂ ದಿಬ್ಬ ದೊಡ್ಡದಾಗುತ್ತದೆ ಎಂಬ ನಿಯಮವಿಲ್ಲ. ಗಾಳಿ ಸೋತು, ಹೊತ್ತು ತಂದ ಮರಳನ್ನು ಇಳಿಸುವ ಕಡೆಯಷ್ಟೇ ಅದು ಬೆಳೆಯುತ್ತದೆ.

ಹಾಗಾಗಿ ಮುಂಗಡ ಕೊಡುವ ಮುಂಚೆ ಯಾವ ಊರಿಗೆ ಎಂದು ಕೇಳಿ, ಉಪಗ್ರಹ ನಕ್ಷೆಯಲ್ಲಿ ಆ ಜಾಗ ನೋಡಿ. ಎರ್ಗ್ ಎಂದರೆ ಮರಳ ಹರವು, ಹಮಾದಾ ಎಂದರೆ ಕಲ್ಲುಹಾಸು. ಕಪ್ಪು ನೆಲದಂಚಿನ ಕಿತ್ತಳೆ ಪಟ್ಟಿ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಬಾಡಿಗೆ ಕಾರನ್ನು ಡಾಂಬರು ಬಿಟ್ಟು ಇಳಿಸಬೇಡಿ, ಚಕ್ರ ಹೂತುಹೋಗುತ್ತದೆ. ನಡುಮಧ್ಯಾಹ್ನ ನೆರಳಿಲ್ಲದೆ ದೊಡ್ಡ ದಿಬ್ಬವೂ ಚಪ್ಪಟೆಯಾಗಿ ಕಾಣುತ್ತದೆ. ಒಂದು ರಾತ್ರಿ ಅಲ್ಲೇ ಉಳಿಯಿರಿ. ಬೆಳಗಿನ ಓರೆಬಿಸಿಲಲ್ಲಿ ಏಣನ್ನೇ ಹಿಡಿದು ಹತ್ತಿ. ಕಡಿದಾದ ಇಳಿಜಾರಿನ ಕಡೆ ಇಟ್ಟ ಹೆಜ್ಜೆ ಅರ್ಧ ಹಿಂದಕ್ಕೇ ಜಾರುತ್ತದೆ.