ಪಾಠವಿಲ್ಲದ ಒಂದು ಶಾಲೆ

ಶಾಲೆ ಎಂದೊಡನೆ ನಮಗೆ ಕರಿಹಲಗೆ, ಗಂಟೆ, ಆಟದ ಬಯಲು ನೆನಪಾಗುತ್ತವೆ. ಅಮೆರಿಕದ ನ್ಯೂಯಾರ್ಕ್ ನಗರಕ್ಕೆ ಸೇರಿದ ಸ್ಟೇಟನ್ ಐಲೆಂಡ್ ದ್ವೀಪದಲ್ಲಿ 1947ರಲ್ಲಿ ಆರಂಭವಾದ ವಿಲೋಬ್ರುಕ್ ಸ್ಟೇಟ್ ಸ್ಕೂಲ್ ಮಾತ್ರ ಬಹುಮಟ್ಟಿಗೆ ಹೆಸರಿಗಷ್ಟೇ ಶಾಲೆ. ಬುದ್ಧಿಮಾಂದ್ಯರೆಂದು ವೈದ್ಯರು ತೀರ್ಮಾನಿಸಿದ ಮಕ್ಕಳನ್ನೂ ದೊಡ್ಡವರನ್ನೂ ಸರಕಾರವು ಅಲ್ಲಿ ಇರಿಸಿಕೊಳ್ಳುತ್ತಿತ್ತು. ಹೆಚ್ಚಿನ ಮಕ್ಕಳಿಗೆ ಪಾಠವೆಂಬುದೇ ಇರಲಿಲ್ಲ.

ಹೆತ್ತವರು ಮಕ್ಕಳನ್ನು ಅಲ್ಲಿಗೆ ಏಕೆ ಒಪ್ಪಿಸಿದರು? ಅವರನ್ನು ಕಲ್ಲೆದೆಯವರೆಂದು ಕರೆಯಲು ನಮಗೆ ಮನಸ್ಸು ಬಾರದು. ಇಂಥ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿರೆಂದು ಆ ಕಾಲದಲ್ಲಿ ವೈದ್ಯರೇ ಸಲಹೆ ಕೊಡುತ್ತಿದ್ದರು. ಊರಿನ ಶಾಲೆ ಸೇರಿಸಿಕೊಳ್ಳದಿದ್ದರೆ ಕೇಳುವವರೂ ಇರಲಿಲ್ಲ.

ಸುಮಾರು 4,000 ಮಂದಿಗೆಂದು ಇದ್ದ ಸ್ಥಳದಲ್ಲಿ 1965ರ ವೇಳೆಗೆ 6,000 ಮಂದಿ ತುಂಬಿದ್ದರು. 1972ರಲ್ಲಿ ಮೈಕೆಲ್ ವಿಲ್ಕಿನ್ಸ್ ಎಂಬ ವೈದ್ಯರ ನೆರವಿನಿಂದ ಪತ್ರಕರ್ತ ಜೆರಾಲ್ಡೊ ರಿವೆರಾ ಕ್ಯಾಮರಾದೊಡನೆ ಒಳಹೊಕ್ಕರು. ಮೈಮೇಲೆ ಬಟ್ಟೆಯಿಲ್ಲದೆ ನೆಲದ ಮೇಲೆ ಮುದುಡಿ ಕುಳಿತ ಮಕ್ಕಳನ್ನು ಜನರು ಟೆಲಿವಿಷನ್‌ನಲ್ಲಿ ಕಂಡರು. ಒಬ್ಬೊಬ್ಬ ಮಗುವಿಗೆ ಊಟ ಮಾಡಿಸಲು ಸಿಗುವ ಸಮಯ ಸರಾಸರಿ 3 ನಿಮಿಷ ಎಂದು ವಿಲ್ಕಿನ್ಸ್ ಆಗ ತಿಳಿಸಿದರು.

ಈ ಮೂರು ನಿಮಿಷದ ಲೆಕ್ಕವೇ ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದ್ದು. ತೀವ್ರ ಅಂಗವೈಕಲ್ಯವುಳ್ಳ ಮಗುವಿಗೆ ಅಗಿಯುವುದೂ ನುಂಗುವುದೂ ಕಷ್ಟ. ಒಂದು ತುತ್ತು ಇಳಿಯುವ ತನಕ ಕಾದು ಇನ್ನೊಂದನ್ನು ಕೊಡಬೇಕು. ಅವಸರದಿಂದ ತುರುಕಿದರೆ ಆಹಾರವು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಬರುತ್ತದೆ, ಪ್ರಾಣವೇ ಹೋಗುವುದೂ ಉಂಟು. ಕೂಸಿಗೆ ಉಣಿಸಿದ ತಾಯಂದಿರಿಗೆ ಇದನ್ನು ನಾವು ವಿವರಿಸಬೇಕಾಗಿಲ್ಲ. ಉಣಿಸುವ ಕೈ ಕ್ರೂರವಾಗಿಯೇ ಇರಬೇಕೆಂದಿಲ್ಲ. ಮಕ್ಕಳು ಹಲವರಾಗಿ ಕೈಗಳು ಕೆಲವೇ ಆದರೂ ಇದೇ ಗತಿ.

ಬರ್ನಾರ್ಡ್ ಕ್ಯಾರಬೆಲೊ ಎಂಬಾತನನ್ನು ಅಲ್ಲಿಗೆ ಸೇರಿಸಿದಾಗ ಅವನಿಗೆ ಮೂರು ವರ್ಷ. ಅವನಿಗಿದ್ದುದು ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲುಗಳ ಮೇಲೆ ಹಿಡಿತ ತಪ್ಪುವ ಸ್ಥಿತಿ. ಅವನ ಬುದ್ಧಿಗೆ ಕುಂದಿರಲಿಲ್ಲ, ಆದರೂ ಬುದ್ಧಿಮಾಂದ್ಯನೆಂದು ಬರೆದುಬಿಟ್ಟರು. ಹದಿನೆಂಟು ವರ್ಷ ಅವನು ಅಲ್ಲಿಯೇ ಕಳೆದ. ಮಾತು ತೊದಲಿದ ಮಾತ್ರಕ್ಕೆ ತಲೆಯೂ ಮಂದವೆಂದು ಎಣಿಸುವ ತಪ್ಪನ್ನು ಮೇಷ್ಟರುಗಳಾದ ನಾವೂ ತರಗತಿಯಲ್ಲಿ ಮಾಡಿಲ್ಲವೆಂದು ಎದೆಮುಟ್ಟಿ ಹೇಳಲಾರೆವು. 1972ರ ಆ ಚಿತ್ರದಲ್ಲಿ ಕ್ಯಾರಬೆಲೊ ತನ್ನ ಕಷ್ಟವನ್ನು ತಾನೇ ಹೇಳಿದ. ಹೊರಬಂದ ಮೇಲೆ ಅಂಗವಿಕಲರ ಹಕ್ಕುಗಳಿಗಾಗಿ ದುಡಿದ.

ಹೆತ್ತವರು ಅದೇ ವರ್ಷ ನ್ಯಾಯಾಲಯದ ಮೆಟ್ಟಲೇರಿದರು. 1975ರಲ್ಲಿ ಒಪ್ಪಂದದ ತೀರ್ಪು ಬಂದಿತು. ಅಂಗವಿಕಲ ಮಕ್ಕಳಿಗೆಲ್ಲ ಸರಕಾರಿ ಶಾಲೆಯಲ್ಲಿ ಶಿಕ್ಷಣ ಸಿಗಬೇಕೆಂಬ ಕಾನೂನೂ ಅದೇ ವರ್ಷ ಆ ದೇಶದಲ್ಲಿ ಆಯಿತು. ವಿಲೋಬ್ರುಕ್‌ನಿಂದ ಹೊರಬಂದ ಅನೇಕರಿಗೆ ಊರ ಬೀದಿಗಳಲ್ಲೇ ಸಣ್ಣ ಮನೆಗಳನ್ನು ಮಾಡಿಕೊಟ್ಟರು. ಇವರು ನಮ್ಮ ನೆರೆಗೆ ಬೇಡವೆಂದು ಕೆಲವು ಕಡೆ ಜನರು ತಕರಾರು ತೆಗೆದದ್ದೂ ಉಂಟು. 1987ರಲ್ಲಿ ಸಂಸ್ಥೆಯನ್ನು ಮುಚ್ಚಲಾಯಿತು. ಅದರ ಆವರಣದ ದೊಡ್ಡ ಭಾಗದಲ್ಲಿ ಈಗ ಒಂದು ಕಾಲೇಜು ಇದೆ. 1993ರಿಂದ ಅಲ್ಲಿ ಪಾಠಗಳು ನಡೆಯುತ್ತಿವೆ.