ಒಂದು ಏಟಿಗೆ ಎಷ್ಟು ಆಂಪಿಯರ್? – ಆಟದ ಬಂದೂಕು ಕಲಿಸಿದ ವಿದ್ಯುತ್ ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯರು ಕೇಳಿದಾಗ, ಹಳೆಯ ನೆನಪುಗಳನ್ನು ಬರೆಯಲು ನನಗಿಂತ ಸಮರ್ಥರಾದವರು ಅನೇಕರಿದ್ದಾರೆ ಎಂದು ತೋರಿತು. ಕೊಯಮತ್ತೂರಿನ ನೂಲಿನ ಗಿರಣಿಯೊಂದರ ವಿದ್ಯುತ್ ವಿಭಾಗದಲ್ಲಿ ದುಡಿದು ನಿವೃತ್ತನಾದ ನಾನು, ಇಂದಿನ ವಿದ್ಯಾರ್ಥಿಗಳಿಗೆ ಉಪಯೋಗವಾಗಬಹುದಾದ ಒಂದು ಪಾಠವನ್ನೇ ಬರೆಯುವುದು ಉಚಿತವೆಂದು ಭಾವಿಸಿದೆನು. ಈ ಪಾಠದಲ್ಲಿ ಮೊದಲು ತಪ್ಪಿದವನು ನಾನೇ ಎಂಬುದನ್ನು ಆರಂಭದಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ಮಹೋತ್ಸವದ ವಿಜ್ಞಾನ ಪ್ರದರ್ಶನಕ್ಕಾಗಿ ಒಂಬತ್ತನೆಯ ತರಗತಿಯ ನನ್ನ ಮೊಮ್ಮಗನು ಗುರಿಯಾಟದ ಬಂದೂಕೊಂದನ್ನು ಮಾಡಲು ಹೊರಟನು. ದೊಡ್ಡ ಅಂಗಡಿ ಸಂಕೀರ್ಣಗಳ ಆಟದ ಅಂಗಳಗಳಲ್ಲಿ ಇಂತಹ ಬಂದೂಕನ್ನು ಮಕ್ಕಳು ನೋಡಿರುತ್ತಾರೆ. ಪರದೆಯ ಮೇಲಿನ ಗುರಿಗೆ ಹಿಡಿದು ಕುದುರೆಯನ್ನು ಎಳೆದರೆ ಅದು ಕೈಯಲ್ಲಿ ನಿಜವಾದ ಬಂದೂಕಿನಂತೆ ಹಿಂದಕ್ಕೆ ಒದೆಯುತ್ತದೆ. ಹಿಂದಿನ ಕಾಲದ ಗಾಜಿನ ಕೊಳವೆಯ ದೂರದರ್ಶನ ಪೆಟ್ಟಿಗೆಗಳಲ್ಲಿ ಪರದೆಯ ಬೆಳಕನ್ನು ಬಂದೂಕಿನೊಳಗಿನ ಒಂದು ಬೆಳಕಿನ ಸಂವೇದಕವು ಗ್ರಹಿಸುತ್ತಿತ್ತು. ಇಂದಿನ ಚಪ್ಪಟೆ ಪರದೆಗಳಲ್ಲಿ ಆ ವಿಧಾನ ನಡೆಯದು. ಆದ್ದರಿಂದ ಪರದೆಯ ಸುತ್ತ ಅವಕೆಂಪು ದೀಪಗಳನ್ನಿಟ್ಟು, ಬಂದೂಕಿನ ಮೂತಿಯಲ್ಲಿರುವ ಪುಟ್ಟ ಕ್ಯಾಮೆರಾದಿಂದ ಅವುಗಳನ್ನು ನೋಡಿ ಗುರಿಯನ್ನು ತಿಳಿಯುತ್ತಾರೆ. ಗುರಿ ಹಿಡಿಯುವ ಈ ಭಾಗವನ್ನು ಹುಡುಗನು ತಾನೇ ಸಾಧಿಸಿದನು. ಒದೆತದ ಭಾಗದಲ್ಲಿ ಮಾತ್ರ ನನ್ನ ಸಲಹೆಯನ್ನು ಕೇಳಿದನು.

ಒದೆತವನ್ನು ಕೊಡುವುದು ಸೊಲೆನಾಯ್ಡ್ ಎಂಬ ಸಾಧನ. ತಾಮ್ರದ ತಂತಿಯ ಸುರುಳಿ, ಅದರ ನಡುವೆ ಜಾರುವ ಕಬ್ಬಿಣದ ದಂಡ, ದಂಡವನ್ನು ಮರಳಿ ತರುವ ಒಂದು ಸ್ಪ್ರಿಂಗು – ಇಷ್ಟೇ ಅದರ ಅಂಗಗಳು. ಸುರುಳಿಯಲ್ಲಿ ವಿದ್ಯುತ್ ಹರಿದಾಗ ದಂಡವು ಒಳಕ್ಕೆ ಸೆಳೆಯಲ್ಪಟ್ಟು ತಡೆಗೆ ಬಡಿಯುತ್ತದೆ. ಆ ಬಡಿತವೇ ಕೈಗೆ ಒದೆತವಾಗಿ ತಾಕುತ್ತದೆ. ನೇಕಾರರ ಮನೆಗಳಿಂದ ಬಂದ ನಮಗೆ ಇದು ಅಪರಿಚಿತ ವಸ್ತುವಲ್ಲ. ಸ್ವಯಂಚಾಲಿತ ಮಗ್ಗಗಳಲ್ಲಿ ಹಾಸಿನ ಪ್ರತಿಯೊಂದು ಎಳೆಯ ಮೇಲೂ ತೆಳುವಾದ ಲೋಹದ ಪಟ್ಟಿಯೊಂದು ಕುಳಿತಿರುತ್ತದೆ. ಎಳೆ ಹರಿದರೆ ಪಟ್ಟಿಯು ಕೆಳಗೆ ಬಿದ್ದು ವಿದ್ಯುನ್ಮಂಡಲವನ್ನು ಪೂರ್ಣಗೊಳಿಸುತ್ತದೆ. ಕೂಡಲೇ ವಿದ್ಯುತ್ಕಾಂತವೊಂದು ಕೆಲಸಮಾಡಿ ಮಗ್ಗವನ್ನು ನಿಲ್ಲಿಸುತ್ತದೆ. ಅಲ್ಲಿ ಬಟ್ಟೆಯನ್ನು ಕಾಯುವ ತತ್ತ್ವವೇ ಇಲ್ಲಿ ಆಟಕ್ಕೆ ಬಂದಿದೆ.

ನನ್ನ ಮೊದಲನೆಯ ತಪ್ಪು

ಗಾಂಧಿಪುರದ ಅಂಗಡಿಯಿಂದ ತಂದ ಸೊಲೆನಾಯ್ಡಿನ ಮೇಲೆ 24 ವೋಲ್ಟ್ ಎಂದು ಬರೆದಿತ್ತು. ಸುರುಳಿಯ ರೋಧವನ್ನು ಅಳೆದಾಗ 8 ಓಮ್ ಬಂದಿತು. ಓಮನ ನಿಯಮದಂತೆ 24ನ್ನು 8ರಿಂದ ಭಾಗಿಸಿದರೆ 3 ಆಂಪಿಯರ್. ಒಂದು ಏಟಿಗೆ ವಿದ್ಯುತ್ ಹರಿಯುವುದು 40 ಮಿಲಿಸೆಕೆಂಡು ಮಾತ್ರ. ಸೆಕೆಂಡಿಗೆ 5 ಏಟಾದರೆ ಒಟ್ಟು 200 ಮಿಲಿಸೆಕೆಂಡು, ಎಂದರೆ ಕಾಲದ ಐದನೆಯ ಒಂದು ಭಾಗ. ಹಾಗಾದರೆ ಸರಾಸರಿ ಪ್ರವಾಹವು ಕೇವಲ 0.6 ಆಂಪಿಯರ್ ಎಂದು ನಾನು ಲೆಕ್ಕ ಹಾಕಿ, 24 ವೋಲ್ಟ್, 1 ಆಂಪಿಯರಿನ ಅಡಾಪ್ಟರ್ ಸಾಕೆಂದು ಹೇಳಿದೆನು. ಅಷ್ಟಕ್ಕೇ ನಿಲ್ಲದೆ, “ಹೆಚ್ಚು ಆಂಪಿಯರಿನದನ್ನು ತರಬೇಡಪ್ಪಾ, ಸುರುಳಿ ಸುಟ್ಟುಹೋದೀತು” ಎಂದೂ ಸೇರಿಸಿದೆನು.

ಅಡಾಪ್ಟರ್ ಬಂದಿತು. ಒಂದೊಂದಾಗಿ ಹೊಡೆದಾಗಲೂ ಒದೆತವು ಸಪ್ಪೆಯಾಗಿತ್ತು. ಬೇಗಬೇಗನೆ ಹೊಡೆದಾಗ ಅದು ಮತ್ತಷ್ಟು ಕುಗ್ಗಿ, ಪರದೆಯ ಮೇಲಿನ ಗುರಿಯ ಗುರುತು ನಿಂತುಹೋಗಿ, ಅಡಾಪ್ಟರಿನ ಹಸಿರು ದೀಪವು ಮಿಣುಕತೊಡಗಿತು. ಹುಡುಗನು ಎರಡು ದಿನ ತನ್ನ ಬರವಣಿಗೆಯಲ್ಲಿಯೇ ದೋಷವಿರಬೇಕೆಂದು ಹುಡುಕಿದನು. ಮೂರನೆಯ ದಿನ ಮೀಟರನ್ನು ಹಿಡಿದು ನನ್ನ ಬಳಿ ಬಂದು, “ತಾತ, ಏಟು ಬೀಳುವಾಗ 24 ವೋಲ್ಟ್ ಉಳಿಯುವುದೇ ಇಲ್ಲ, ನೀವೇ ನೋಡಿ” ಎಂದನು.

ಆಗ ನನ್ನ ತಪ್ಪು ನನಗೆ ಹೊಳೆಯಿತು. ಸರಾಸರಿಯು ಕಾಗದದ ಮೇಲಿನ ಅಂಕಿ. ಸುರುಳಿಗೆ ಅದು ತಿಳಿಯದು. ಏಟು ಬೀಳುವ ಆ 40 ಮಿಲಿಸೆಕೆಂಡಿನಲ್ಲಿ ಅದಕ್ಕೆ ಬೇಕಾದುದು ಪೂರ್ಣ 3 ಆಂಪಿಯರ್. ಗಿರಣಿಯಲ್ಲಿ ಮೋಟಾರು ಹೊರಡುವಾಗ ಓಡುವಾಗಿನ ಪ್ರವಾಹದ ಐದಾರು ಪಟ್ಟು ಎಳೆಯುತ್ತದೆಂದು ತಿಳಿದು, ಅದಕ್ಕೆ ತಕ್ಕಂತೆ ಸ್ಟಾರ್ಟರನ್ನೂ ಕೇಬಲ್ಲನ್ನೂ ಆರಿಸುತ್ತಿದ್ದವನು ನಾನು. 1937ರಲ್ಲಿ ಜಿ. ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು ಅವರು ಭಾರತದ ಮೊದಲ ವಿದ್ಯುತ್ ಮೋಟಾರನ್ನು ತಯಾರಿಸಿದ ಊರಿನಲ್ಲಿ ಬೆಳೆದು, ಈ ಸಣ್ಣ ಸೊಲೆನಾಯ್ಡಿನ ಮುಂದೆ ಆ ಪಾಠವನ್ನು ಮರೆತಿದ್ದೆನು. ಆದರೆ ಈ ಹೋಲಿಕೆಗೆ ಒಂದು ಮಿತಿಯಿದೆ. ಏಕಮುಖ ವಿದ್ಯುತ್ತಿನ ಸೊಲೆನಾಯ್ಡಿನಲ್ಲಿ ಪ್ರವಾಹವು ಸೊನ್ನೆಯಿಂದ ಏರುತ್ತಾ ಕೆಲವು ಮಿಲಿಸೆಕೆಂಡುಗಳಲ್ಲಿ ಓಮನ ನಿಯಮದ ಮಿತಿಯನ್ನು ಮುಟ್ಟುತ್ತದೆ, ಅದನ್ನು ಮೀರುವುದಿಲ್ಲ. ಆದ್ದರಿಂದ ನಮಗೆ ಬೇಕಾದ ಶಿಖರ ಪ್ರವಾಹವನ್ನು ನಿಖರವಾಗಿ ಮೊದಲೇ ತಿಳಿಯಬಹುದು.

ಇನ್ನು ಹೆಚ್ಚು ಆಂಪಿಯರಿನಿಂದ ಸುರುಳಿ ಸುಡುತ್ತದೆಂಬ ಮಾತು ಸರಿಯಲ್ಲ. ವೋಲ್ಟೇಜ್ ತಳ್ಳುವ ಬಲ. ಆಂಪಿಯರ್ ಎಂದು ಆಕರದ ಮೇಲೆ ಬರೆದಿರುವುದು ಅದರ ಸಾಮರ್ಥ್ಯ. ಊರಿನ ತೊಟ್ಟಿ ಎಷ್ಟೇ ದೊಡ್ಡದಾದರೂ ಮನೆಯ ನಲ್ಲಿಯಲ್ಲಿ ಬರುವ ನೀರು ತೊಟ್ಟಿಯ ಎತ್ತರಕ್ಕೂ ನಲ್ಲಿಯ ಗಾತ್ರಕ್ಕೂ ತಕ್ಕಷ್ಟೇ. ಹಾಗೆಯೇ 10 ಆಂಪಿಯರಿನ ಆಕರವಾದರೂ 8 ಓಮಿನ ಸುರುಳಿಯು 3 ಆಂಪಿಯರನ್ನೇ ತೆಗೆದುಕೊಳ್ಳುತ್ತದೆ. ವೋಲ್ಟೇಜ್ ವಿಷಯದಲ್ಲಿ ಈ ಸ್ವಾತಂತ್ರ್ಯವಿಲ್ಲ. ಸುರುಳಿಯ ಶಾಖವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾದುದರಿಂದ, 12 ವೋಲ್ಟಿನ ಸುರುಳಿಗೆ 24 ವೋಲ್ಟ್ ಕೊಟ್ಟರೆ ಶಾಖವು ನಾಲ್ಕು ಪಟ್ಟಾಗುತ್ತದೆ. 24ರ ಸುರುಳಿಗೆ 12 ಕೊಟ್ಟರೆ ಪ್ರವಾಹವು ಅರ್ಧವಾಗಿ ಒದೆತವು ಕೈಗೆ ತಿಳಿಯದಂತಾಗುತ್ತದೆ.

ದೊಡ್ಡ ಕೆಪಾಸಿಟರನ್ನಿಟ್ಟು ಸಣ್ಣ ಅಡಾಪ್ಟರಿನಿಂದಲೇ ಸಾಗಿಸಬಹುದಲ್ಲವೇ ಎಂದು ಹುಡುಗನು ಕೇಳಿದನು. ಲೆಕ್ಕ ಹಾಕಿ ನೋಡಿದೆವು. ಕೊರತೆಯಾಗುವುದು 2 ಆಂಪಿಯರ್. 40 ಮಿಲಿಸೆಕೆಂಡಿಗೆ 0.08 ಕೂಲಂಬ್. ವೋಲ್ಟೇಜ್ 2ಕ್ಕಿಂತ ಹೆಚ್ಚು ಇಳಿಯಬಾರದೆಂದರೆ 40,000 ಮೈಕ್ರೋಫ್ಯಾರಡ್ ಬೇಕು. ಅವನ ಬಳಿಯಿದ್ದುದು 4,700. ಕೆಪಾಸಿಟರ್ ನೆರವಾಗಬಲ್ಲದು, ಆಕರದ ಸ್ಥಾನವನ್ನು ತುಂಬಲಾರದು. ಕೊನೆಗೆ 3 ಆಂಪಿಯರಿನ ಮೇಲೆ ಕಾಲುಭಾಗ ಹೆಚ್ಚು ಹಿಡಿದು, ಅದಕ್ಕಿಂತ ಮೇಲಿನ ಅಳತೆಯಾದ 24 ವೋಲ್ಟ್, 5 ಆಂಪಿಯರಿನ ಎಸ್.ಎಂ.ಪಿ.ಎಸ್. ತಂದೆವು. ಒದೆತವು ಗಟ್ಟಿಯಾಗಿ ಬಂದಿತು. ಮನೆಯವರೆಲ್ಲರೂ ಒಂದೊಂದು ಸಲ ಹೊಡೆದು ಸಂತೋಷಪಟ್ಟರು.

ಎರಡನೆಯ ತಪ್ಪು

ಮರುದಿನ ಸಂಜೆ ಅಡುಗೆಮನೆಯಲ್ಲಿದ್ದ ನನ್ನ ಪತ್ನಿಯು “ಏನೋ ಸುಟ್ಟ ವಾಸನೆ ಬರುತ್ತಿದೆಯಲ್ಲಾ” ಎಂದು ಕೂಗಿದಳು. ಮೇಜಿನ ಮೇಲೆ ಯಾರೂ ಮುಟ್ಟದೆ ಇಟ್ಟಿದ್ದ ಬಂದೂಕಿನ ಪ್ಲಾಸ್ಟಿಕ್ಕು ಮೆತ್ತಗಾಗಿ ಬಾಗಿತ್ತು. ನಾನು ಪ್ಲಗ್ಗನ್ನು ಕಿತ್ತೆನು. ಕಾರಣ ಹೀಗಿತ್ತು: ನಿಯಂತ್ರಣ ಫಲಕವು ಕೆಲಸಮಾಡುತ್ತಿದ್ದಂತೆಯೇ ಸ್ತಬ್ಧವಾಗಿ, ಸುರುಳಿಯನ್ನು ಚಾಲೂ ಸ್ಥಿತಿಯಲ್ಲಿಯೇ ಬಿಟ್ಟಿತ್ತು. 24 ವೋಲ್ಟ್, 3 ಆಂಪಿಯರ್ – ಎಂದರೆ 72 ವಾಟ್. ಏಟಿನಿಂದ ಏಟಿಗೆ ವಿಶ್ರಾಂತಿ ದೊರೆತಾಗ ಸರಾಸರಿ 14.4 ವಾಟ್ ಮಾತ್ರ ಆಗುತ್ತಿದ್ದ ಶಾಖವು, ವಿಶ್ರಾಂತಿಯಿಲ್ಲದೆ ಐದು ಪಟ್ಟಾಗಿತ್ತು. ಸಣ್ಣ ಅಡಾಪ್ಟರ್ ಸೋತು ನಿಲ್ಲುತ್ತಿತ್ತು. ಸಮರ್ಥವಾದ ಆಕರವು ಕೇಳಿದಷ್ಟು ಹೊತ್ತೂ ಕೊಡುತ್ತಲೇ ಇತ್ತು. ಪ್ರದರ್ಶನದ ದಿನ ಎರಡನೆಯ ತರಗತಿಯ ಮಗುವೊಂದರ ಕೈಯಲ್ಲಿ ಹೀಗಾಗಿದ್ದರೆ ಎಂದು ನೆನೆದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸಾಮರ್ಥ್ಯವನ್ನು ಕೊಂಡುತಂದ ಮೇಲೆ ಅದಕ್ಕೆ ಕಡಿವಾಣವನ್ನೂ ಹಾಕಬೇಕು. ನಾವು ಮಾಡಿದ ತಿದ್ದುಪಡಿಗಳನ್ನು ವಿದ್ಯಾರ್ಥಿಗಳು ಗಮನಿಸಬೇಕೆಂದು ಕೋರುತ್ತೇನೆ.

ಮೊದಲನೆಯದಾಗಿ, ಸುರುಳಿಗೆ ಅಡ್ಡಲಾಗಿ ಡಯೋಡ್ ಇರಲಿಲ್ಲ. ಪ್ರವಾಹವನ್ನು ಕಡಿದಾಗ ಸುರುಳಿಯ ಕಾಂತಕ್ಷೇತ್ರವು ಕುಸಿದು ದೊಡ್ಡ ವೋಲ್ಟೇಜನ್ನು ಹುಟ್ಟಿಸುತ್ತದೆ. ಅದು ಫಲಕವನ್ನು ಕೆಡಿಸುತ್ತದೆ. ಡಯೋಡಿನ ಪಟ್ಟೆಯುಳ್ಳ ತುದಿಯು ಧನ ಧ್ರುವದ ಕಡೆಗಿರುವಂತೆ ಜೋಡಿಸಿದೆವು. ಎರಡನೆಯದಾಗಿ, ಫಲಕಕ್ಕೆ ಬೇಕಾದ 5 ವೋಲ್ಟನ್ನು ಗಣಕಯಂತ್ರದಿಂದಲೇ ಪಡೆದು, ಸುರುಳಿಯ 24 ವೋಲ್ಟಿನಿಂದ ಬೇರ್ಪಡಿಸಿದೆವು. ಎರಡರ ಋಣ ತಂತಿಗಳನ್ನು ಮಾತ್ರ ಒಂದೆಡೆ ಸೇರಿಸಿದೆವು. ಮೂರನೆಯದಾಗಿ, ಸುರುಳಿಯನ್ನು ತೆರೆದು ಮುಚ್ಚುವ ಮಾಸ್‌ಫೆಟ್ಟಿನ ದ್ವಾರದಿಂದ ಋಣಕ್ಕೆ 10 ಕಿಲೋ ಓಮಿನ ರೋಧಕವನ್ನು ಹಾಕಿದೆವು. ಫಲಕದಿಂದ ಸಂಕೇತವೇ ಬಾರದಿದ್ದಾಗ ದ್ವಾರವು ಮುಚ್ಚಿಯೇ ಇರುತ್ತದೆ. ನಾಲ್ಕನೆಯದಾಗಿ, ಕುದುರೆಯನ್ನು ಎಷ್ಟು ಹೊತ್ತು ಹಿಡಿದರೂ, ಫಲಕವೇ ಸ್ತಬ್ಧವಾದರೂ, ಒಂದು ಏಟಿಗೆ 40 ಮಿಲಿಸೆಕೆಂಡು ಮಾತ್ರ ವಿದ್ಯುತ್ ಬಿಡುವಂತೆ 555 ಎಂಬ ಕಾಲಮಾಪಕ ಚಿಪ್ಪನ್ನು ನಡುವೆ ಇಟ್ಟೆವು.

ಫ್ಯೂಸ್ ಇದ್ದರೆ ಸಾಲದೇ ಎಂದು ಕೆಲವರು ಕೇಳಬಹುದು. ಏಟಿನ 3 ಆಂಪಿಯರನ್ನು ತಡೆದುಕೊಳ್ಳುವ ಫ್ಯೂಸ್, ಸುರುಳಿಯು ಬೆಂದುಹೋಗುವ 3 ಆಂಪಿಯರನ್ನೂ ಸುಮ್ಮನೆ ಬಿಟ್ಟುಬಿಡಬಹುದು. ಫ್ಯೂಸ್ ತಂತಿಯನ್ನು ಕಾಯುತ್ತದೆ, ಸುರುಳಿಯನ್ನಲ್ಲ. ಆದುದರಿಂದ ವಿದ್ಯುತ್ ಅನ್ನದ ಪಾತ್ರೆಗಳಲ್ಲಿರುವಂತಹ ಉಷ್ಣ ಫ್ಯೂಸೊಂದನ್ನು ಸುರುಳಿಯ ಮೈಗೆ ತಾಗಿಸಿ ಕಟ್ಟಿದೆವು. ಬಿಸಿ ಮಿತಿಮೀರಿದರೆ ಅದು ಮಂಡಲವನ್ನು ಕಡಿಯುತ್ತದೆ.

ತಂತಿಯೂ ಆಕರದ ಒಂದು ಭಾಗವೇ. ಬಂದೂಕಿನ 2 ಮೀಟರ್ ಕೇಬಲ್ಲಿನಲ್ಲಿ ಹೋಗಿ ಬರುವ ದಾರಿ 4 ಮೀಟರ್. 0.14 ಚದರ ಮಿಲಿಮೀಟರಿನ ತೆಳು ತಂತಿಯಾದರೆ ರೋಧವು ಸುಮಾರು ಅರ್ಧ ಓಮ್. 3 ಆಂಪಿಯರಿಗೆ ಒಂದೂವರೆ ವೋಲ್ಟ್ ದಾರಿಯಲ್ಲಿಯೇ ಕಳೆದುಹೋಗುತ್ತದೆ. 0.75 ಚದರ ಮಿಲಿಮೀಟರಿನದಾದರೆ ಆ ನಷ್ಟವು 0.3 ವೋಲ್ಟಿನೊಳಗಿರುತ್ತದೆ.

ಕೊಳ್ಳುವ ಮುನ್ನ

ಪ್ರದರ್ಶನಕ್ಕೆ ಬಂದೂಕುಗಳು ಎರಡು. ಇಬ್ಬರೂ ಒಂದೇ ಕ್ಷಣದಲ್ಲಿ ಹೊಡೆಯಬಹುದಾದ್ದರಿಂದ 6 ಆಂಪಿಯರ್. ಕಾಲುಭಾಗ ಸೇರಿಸಿ 7.5. ಮಾರುಕಟ್ಟೆಯಲ್ಲಿ ಅದಕ್ಕೆ ಹೊಂದುವ 24 ವೋಲ್ಟ್, 10 ಆಂಪಿಯರಿನ ಆಕರವನ್ನು ತಂದೆವು. ಇದು ತೂತುಗಳುಳ್ಳ ಲೋಹದ ಪೆಟ್ಟಿಗೆ. ಇದರ ತಿರುಪುಗಳ ಮೇಲೆ 230 ವೋಲ್ಟ್ ತೆರೆದೇ ಇರುತ್ತದೆ. ಆದ್ದರಿಂದ ಇದನ್ನು ಮಕ್ಕಳ ಕೈಗೆಟುಕದಂತೆ, ಗಾಳಿಯಾಡುವ ಮುಚ್ಚಿದ ಪೆಟ್ಟಿಗೆಯೊಳಗಿಟ್ಟು, ಭೂಸಂಪರ್ಕದ ತಂತಿಯನ್ನು ತಪ್ಪದೆ ಜೋಡಿಸಬೇಕು. ಕೆಲವು ಪೆಟ್ಟಿಗೆಗಳ ಪಕ್ಕದಲ್ಲಿ 115 ಮತ್ತು 230ರ ಸಣ್ಣ ಗುಂಡಿಯಿರುತ್ತದೆ. ಅದು 230ರಲ್ಲಿದೆಯೇ ಎಂದು ಪ್ಲಗ್ ಹಾಕುವ ಮುನ್ನವೇ ನೋಡಬೇಕು. ಮೇಜಿನ ಮೇಲೆ ಒಂದೇ ಬಂದೂಕು ಸಾಕೆನ್ನುವವರಿಗೆ ಬಿ.ಐ.ಎಸ್. ನೋಂದಣಿ ಚಿಹ್ನೆಯುಳ್ಳ ಮುಚ್ಚಿದ ಅಡಾಪ್ಟರೇ ಕ್ಷೇಮ. ಹೆಸರಿಲ್ಲದ ಅಗ್ಗದ ಅಡಾಪ್ಟರುಗಳಲ್ಲಿ 230 ವೋಲ್ಟಿಗೂ ಕೈಯಲ್ಲಿ ಹಿಡಿಯುವ ತಂತಿಗೂ ನಡುವಣ ಪ್ರತ್ಯೇಕತೆಯನ್ನು ನಂಬಲಾಗದು.

ಪ್ರದರ್ಶನದ ದಿನ ಬೆಳಗಿನಿಂದ ಸಂಜೆಯವರೆಗೆ ಮಕ್ಕಳ ಸಾಲು ಕರಗಲಿಲ್ಲ. ನಾನು ಆಗಾಗ ಬಂದೂಕಿನ ಮೈಮುಟ್ಟಿ ನೋಡುತ್ತಿದ್ದೆನು, ಬೆಚ್ಚಗಿತ್ತು, ಬಿಸಿಯಾಗಿರಲಿಲ್ಲ. ಅದರ ಪಕ್ಕದಲ್ಲಿ ಹುಡುಗನು ರೋಧ, ಪ್ರವಾಹ, ವಿಭವಾಂತರ ಎಂಬ ನಮ್ಮ ಪಠ್ಯದ ಮಾತುಗಳಲ್ಲಿಯೇ ಲೆಕ್ಕವನ್ನು ಕನ್ನಡದಲ್ಲಿ ಬರೆದು ತೂಗುಹಾಕಿದ್ದನು. ನಾನು ಈ ಶಾಲೆಯ ಬೆಂಚಿನ ಮೇಲೆ ಕುಳಿತು ಬಾಯಿಪಾಠ ಮಾಡಿದ ಓಮನ ನಿಯಮವನ್ನು, ನನ್ನ ತಪ್ಪನ್ನು ತಿದ್ದುವ ಮೂಲಕ ಅವನು ನನಗೆ ಮತ್ತೊಮ್ಮೆ ಕಲಿಸಿದ್ದನು.

ವಿದ್ಯಾರ್ಥಿ ಮಿತ್ರರೇ, ಅಂಗಡಿಗೆ ಹೋಗುವ ಮುನ್ನ ಕಾಗದದ ಮೇಲೆ ಐದು ವಿಷಯಗಳನ್ನು ಬರೆದುಕೊಳ್ಳಿರಿ: ಸುರುಳಿಯ ವೋಲ್ಟೇಜ್ ಎಷ್ಟು, ಅಳೆದ ರೋಧ ಎಷ್ಟು, ಏಟಿನ ಶಿಖರ ಪ್ರವಾಹ ಎಷ್ಟು, ಒಮ್ಮೆಗೆ ಎಷ್ಟು ಬಂದೂಕುಗಳು, ಎಲ್ಲವೂ ಕೆಟ್ಟುನಿಂತಾಗ ವಿದ್ಯುತ್ತನ್ನು ಕಡಿಯುವುದು ಯಾವುದು. ಮೊದಲ ನಾಲ್ಕಕ್ಕೆ ಉತ್ತರ ದೊರೆತರೆ ಆಟವು ನಡೆಯುತ್ತದೆ. ಐದನೆಯದಕ್ಕೂ ದೊರೆತ ಮೇಲೆಯೇ ಅದನ್ನು ಮಗುವಿನ ಕೈಗೆ ಕೊಡಿರಿ. ಹಿರಿಯರು ಹೇಳಿದರೆಂದು ಅಳೆಯದೆ ನಂಬಬೇಡಿರಿ. ಆ ಹಿರಿಯರು ನನ್ನಂತಹವರೇ ಆದರೂ ಸರಿಯೇ.